ಮುಂಬಯಿ ನಗರಸಭೆಯಲ್ಲಿ ಫಿರೋಜಶಹಾ ಮೆಹತಾ ಅವರ ಮೊದಲ ದಿನಗಳು

ರಾಜ್ಯಗಳ ಇತಿಹಾಸವನ್ನು ಬರೆಯುವವರು ಯುದ್ಧ-ಸಂಧಿಗಳ ವರ್ಣನೆಯಲ್ಲಿ ತೋರಿಸುವ ಆದರವನ್ನು ಊರುಗಳ ಆಡಳಿತದ ಕಥೆಯಲ್ಲಿ ತೋರಿಸುವುದು ಅಪರೂಪ. ಕುಡಿಯುವ ನೀರು ಎಲ್ಲಿಂದ ಬಂದಿತು, ಗಟಾರದ ಹೊಲಸು ಎಲ್ಲಿಗೆ ಹೋಯಿತು, ಬೀದಿಯ ದೀಪಕ್ಕೆ ಹಣವನ್ನು ಯಾರು ಕೊಟ್ಟರು, ಕೊಟ್ಟ ಹಣಕ್ಕೆ ಲೆಕ್ಕವನ್ನು ಯಾರು ಕೇಳಿದರು ಎಂಬಿವೇ ಮುಂತಾದ ಪ್ರಶ್ನೆಗಳು ವಿದ್ವಾಂಸರಿಗೆ ಕ್ಷುಲ್ಲಕವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಹಿಂದುಸ್ಥಾನದ ಜನರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ ವಿದ್ಯೆಯನ್ನು ಮೊಟ್ಟಮೊದಲು ಕಲಿತದ್ದು ಈ ಕ್ಷುಲ್ಲಕ ಪ್ರಶ್ನೆಗಳ ಪಾಠಶಾಲೆಯಲ್ಲಿಯೇ. ಆ ಪಾಠಶಾಲೆಗಳಲ್ಲಿ ಮುಂಬಯಿಯ ನಗರಸಭೆಯು ಅಗ್ರಗಣ್ಯವಾದುದು. ಅದರ ಘಟನೆಯ ಮೇಲೆ ಒಬ್ಬ ವ್ಯಕ್ತಿಯ ಬುದ್ಧಿಯ ಮುದ್ರೆಯು ಬಿದ್ದಿರುವುದಾದರೆ ಅದು ಫಿರೋಜಶಹಾ ಮೇರವಾನಜಿ ಮೆಹತಾ ಅವರದು. ಮುಂದೆ ಅವರು ದೇಶದ ದೊಡ್ಡ ಮುಂದಾಳೆನಿಸಿಕೊಂಡರು. ‘ಮುಂಬಯಿಯ ಕಿರೀಟವಿಲ್ಲದ ಅರಸು’ ಎಂಬ ಹೆಸರನ್ನೂ ಪಡೆದರು. ಕಿರೀಟದ ಮಾತು ಇರಲಿ. ಇಪ್ಪತ್ತಾರು ವರ್ಷದ ತರುಣನಾಗಿದ್ದಾಗ ಅವರು ತುಂಬಿದ ಸಭೆಯಲ್ಲಿ ತಮ್ಮವರಿಂದಲೇ ಧಿಕ್ಕಾರದ ಕೂಗನ್ನು ಕೇಳಿಸಿಕೊಂಡ ಸಂಗತಿಯೇ ಇಲ್ಲಿ ಮುಖ್ಯವಾಗಿ ಹೇಳತಕ್ಕದ್ದು.

ಮೆಹತಾ ಅವರು 1845ನೆಯ ಇಸವಿ ಆಗಸ್ಟ 4ರಂದು ಮುಂಬಯಿಯಲ್ಲಿ ಒಂದು ಪಾರಸಿ ವ್ಯಾಪಾರಸ್ಥರ ಮನೆತನದಲ್ಲಿ ಜನಿಸಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1864ರಲ್ಲಿ ಪದವೀಧರರಾದರು. ಆ ಕಾಲೇಜಿನ ಮುಖ್ಯಾಧ್ಯಾಪಕರಾಗಿದ್ದ ಸರ್ ಅಲೆಕ್ಝಾಂಡರ ಗ್ರ್ಯಾಂಟರು ಈ ವಿದ್ಯಾರ್ಥಿಯ ಬುದ್ಧಿಯನ್ನು ಗುರುತಿಸಿದರು. ಅದೇ ಸಮಯದಲ್ಲಿ ರುಸ್ತುಮಜಿ ಜಮಶೇಟಜಿ ಜೀಜೀಭಾಯಿ ಎಂಬ ಶ್ರೀಮಂತರು, ಐದು ಜನ ಹಿಂದೀ ತರುಣರು ವಿಲಾಯತಿಗೆ ಹೋಗಿ ನ್ಯಾಯಶಾಸ್ತ್ರವನ್ನು ಕಲಿಯಲೆಂದು ಒಂದೂವರೆ ಲಕ್ಷ ರೂಪಾಯಿಗಳ ನಿಧಿಯನ್ನು ತೆಗೆದಿರಿಸಿದರು. ಮೆಹತಾ ಅವರು ಆ ವೇತನಕ್ಕೆ ಆರಿಸಲ್ಪಟ್ಟು ಲಂಡನಕ್ಕೆ ಹೊರಟರು. ಆದರೆ ಆ ದಾನದ ಬೇರು ನಿಂತ ನೆಲವು ಗಟ್ಟಿಯಾಗಿರಲಿಲ್ಲ.

ಅಮೇರಿಕೆಯಲ್ಲಿ 1861ರಲ್ಲಿ ಅಂತರ್ಯುದ್ಧವು ಆರಂಭವಾಗಿ ಅಲ್ಲಿಯ ಅರಳೆಯು ಇಂಗ್ಲಂಡದ ಗಿರಣಿಗಳಿಗೆ ಬಾರದಂತಾದಾಗ, ಹಿಂದುಸ್ಥಾನದ ಅರಳೆಗೆ ಬಂಗಾರದ ಬೆಲೆ ಬಂದಿತೆಂಬುದು ಕರ್ನಾಟಕದ ಹಳೆಯ ಒಕ್ಕಲುಮನೆತನಗಳ ನೆನಪಿನಲ್ಲಿ ಬಹುಕಾಲ ಉಳಿದ ಸಂಗತಿ. ಧಾರವಾಡ ಸೀಮೆಯ ಅರಳೆಯು ಘಟ್ಟವನ್ನು ಇಳಿದು ಕುಮಟೆಯ ಬಂದರದಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಹಳ್ಳಿಯ ರೈತನಿಗೆ ನಾಲ್ಕು ದಿನ ಸುಖವನ್ನು ತಂದ ಆ ಹಣವು ಮುಂಬಯಿಯಲ್ಲಿ ಜನರ ತಲೆಯನ್ನೇ ತಿರುಗಿಸಿತು. ಬ್ಯಾಂಕುಗಳು, ಸಮುದ್ರವನ್ನು ತುಂಬಿ ನೆಲಮಾಡುವ ಕಂಪನಿಗಳು, ಹೆಸರಿನ ಹೊರತು ಬೇರೇನೂ ಇಲ್ಲದ ಸಂಘಗಳು ಮಳೆಗಾಲದ ಅಣಬೆಗಳಂತೆ ಎದ್ದುವು; ಶೇರುಗಳನ್ನು ಕೊಳ್ಳದವನೇ ಇಲ್ಲದಾದನು. 1865ರಲ್ಲಿ ಯುದ್ಧವು ಮುಗಿದ ಸುದ್ದಿ ಬಂದೊಡನೆ ಅರಳೆಯ ಬೆಲೆ ಕುಸಿಯಿತು. ಅದರೊಡನೆ ಕೋಟ್ಯಧೀಶರ ಮನೆಗಳೂ ಕುಸಿದುವು. ರುಸ್ತುಮಜಿಯವರ ಸಂಪತ್ತೂ ಹೋಯಿತು. ಲಂಡನದಲ್ಲಿದ್ದ ವಿದ್ಯಾರ್ಥಿಗಳ ವೇತನವೂ ಅದರ ಬೆನ್ನುಹತ್ತಿ ಹೋಯಿತು. ನಗರದ ಜನಸಂಖ್ಯೆಯೂ ಇದರ ಸಾಕ್ಷಿಯನ್ನು ಹೇಳುತ್ತದೆ: 1864ರ ಗಣತಿಯಲ್ಲಿ 8,16,562 ಇದ್ದದ್ದು 1872ರಲ್ಲಿ 6,44,405ಕ್ಕೆ ಇಳಿದಿತ್ತು.

ಇಷ್ಟಾದರೂ ಮೆಹತಾ ಅವರು ವಿದ್ಯೆಯನ್ನು ಬಿಡದೆ ಲಿಂಕನ್ಸ್ ಇನ್ನಿನಲ್ಲಿ ಅಭ್ಯಾಸವನ್ನು ಮುಗಿಸಿ 1868ರಲ್ಲಿ ಬ್ಯಾರಿಸ್ಟರರಾದರು. ಲಂಡನದ ಆ ನಾಲ್ಕು ವರ್ಷಗಳಲ್ಲಿ ದಾದಾಭಾಯಿ ನವರೋಜಿಯವರ ಸಹವಾಸವು ಅವರಿಗೆ ದೊರೆಯಿತು. ಬದ್ರುದ್ದೀನ ತ್ಯಾಬಜಿ, ಉಮೇಶಚಂದ್ರ ಬ್ಯಾನರ್ಜಿ ಮುಂತಾದವರ ಸ್ನೇಹವೂ ಆಯಿತು. ಇಂಗ್ಲಂಡದ ಪಟ್ಟಣಗಳಲ್ಲಿ 1835ರ ಕಾಯಿದೆಯ ತರುವಾಯ ಕರವನ್ನು ಕೊಡುವವರೇ ತಮ್ಮ ಪುರಸಭೆಯನ್ನು ಆರಿಸುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಹಿಂದಿರುಗಿದ ಮೇಲೆ ಮುಂಬಯಿಯ ಹಾಯ್‌ಕೋರ್ಟಿನಲ್ಲಿ ಆಂಗ್ಲ ಬ್ಯಾರಿಸ್ಟರರದೇ ಮೇಲುಗೈ. ಹಿಂದೀ ತರುಣನಿಗೆ ಮೊಕದ್ದಮೆಗಳು ಬರುವುದು ದುರ್ಲಭವಾಗಿತ್ತು. ಹೀಗೆ ವಿರಾಮವೂ ವಿದ್ಯೆಯೂ ಇದ್ದ ಈ ತರುಣನ ಕಣ್ಣು ಊರಿನ ಕಾರಭಾರದ ಕಡೆಗೆ ತಿರುಗಿತು.

ಆ ಕಾರಭಾರದ ಸ್ಥಿತಿಯನ್ನು ವಾಚಕರು ತುಸು ವಿವರವಾಗಿ ತಿಳಿಯಬೇಕು. ಇಲ್ಲವಾದರೆ ಮುಂದಿನ ಕಲಹದ ಅರ್ಥವಾಗದು. 1858ರ ಕಾಯಿದೆಯ ಮೇರೆಗೆ ಮುಂಬಯಿಯ ಊರಾಡಳಿತವು ಮೂವರು ಕಮಿಶನರರ ಕೈಯಲ್ಲಿದ್ದಿತು. ಮೂವರಿಗೂ ಅಧಿಕಾರವಿದ್ದುದರಿಂದ ಯಾವನೊಬ್ಬನಿಗೂ ಹೊಣೆಯಿರಲಿಲ್ಲ. ಒಬ್ಬನು ಕಟ್ಟಲೆಳಸಿದ್ದಕ್ಕೆ ಇನ್ನೊಬ್ಬನು ಅಡ್ಡಬರುವನು. ಊರು ಹೊಲಸಿನಲ್ಲಿ ಮುಳುಗಿತ್ತು. ಆದುದರಿಂದ 1865ರಲ್ಲಿ ಬೇರೊಂದು ಕಾಯಿದೆಯನ್ನು ಮಾಡಿ ಸರಕಾರದವರು ಆಡಳಿತವನ್ನೆಲ್ಲ ಒಬ್ಬನೇ ಕಮಿಶನರನಿಗೆ ಒಪ್ಪಿಸಿದರು. ಅವನ ಮೇಲೆ ಅಂಕೆಯಿಡುವುದಕ್ಕಾಗಿ ‘ಜಸ್ಟಿಸ್ ಆಫ್ ದಿ ಪೀಸ್’ ಎಂಬ ಬಿರುದನ್ನು ಪಡೆದಿದ್ದ ಗೃಹಸ್ಥರನ್ನೆಲ್ಲ ಕೂಡಿಸಿ ಒಂದು ಸಭೆಯೆಂದು ಎಣಿಸಿದರು. ಈ ಜಸ್ಟಿಸರು ಸರಕಾರದಿಂದ ನೇಮಿಸಲ್ಪಟ್ಟವರು. ಕರವನ್ನು ಕೊಡುವ ಜನರು ಅವರನ್ನು ಆರಿಸಿದ್ದಿಲ್ಲ, ತೆಗೆಯಲೂ ಶಕ್ಯವಿದ್ದಿಲ್ಲ. ಬಿರುದು ಮಾನಕ್ಕಾಗಿ ಬಂದದ್ದು. ಕೆಲಸವು ಅದರ ಬಾಲಕ್ಕೆ ಕಟ್ಟಿದ ಭಾರ.

ಮೊದಲನೆಯ ಕಮಿಶನರರಾಗಿ ಬಂದವರು ಆರ್ಥರ ಕ್ರಾಫರ್ಡ ಸಾಹೇಬರು. ಈ ಮನುಷ್ಯನ ಸಾಮರ್ಥ್ಯದ ವಿಷಯವಾಗಿ ಅವರ ವೈರಿಗಳೂ ಸಂಶಯಪಟ್ಟಿಲ್ಲ. ಆರು ವರ್ಷಗಳಲ್ಲಿ ಊರಿನ ಮುಖವೇ ಬದಲಾಯಿತು. ಆರೋಗ್ಯಾಧಿಕಾರಿಗಳ ನೇಮಕವಾಯಿತು; ಕಸ ಹೊಲಸು ತೆಗೆಯುವ ವ್ಯವಸ್ಥೆಯು ಕಟ್ಟುನಿಟ್ಟಾಯಿತು; ಊರ ನಡುವೆ ಇದ್ದ ಕಸಾಯಿಖಾನೆಗಳನ್ನು ಬಾಂದ್ರೆಗೆ ಸಾಗಿಸಲಾಯಿತು; ಬೀದಿಗಳು ಅಗಲವಾದುವು, ಗ್ಯಾಸಿನ ದೀಪಗಳು ಉರಿದುವು. 1869ರಲ್ಲಿ ಅವರ ಹೆಸರಿನ ದೊಡ್ಡ ಮಾರುಕಟ್ಟೆಯೂ ಮುಗಿಯಿತು. ಆದರೆ ಕ್ರಾಫರ್ಡ ಸಾಹೇಬರಿಗೆ ಹಣವೆಂಬುದು ನೀರಿನಂತೆ. ಮಂಜೂರಾದ ಮೊತ್ತವನ್ನು ಮೀರಿ ವೆಚ್ಚಮಾಡುವುದು, ಮೊದಲು ಕಟ್ಟಿ ಆಮೇಲೆ ಒಪ್ಪಿಗೆ ಕೇಳುವುದು, ಒಂದು ಬಾಬಿನ ಹಣವನ್ನು ಮತ್ತೊಂದಕ್ಕೆ ಸುರಿಯುವುದು ಇವು ಅವರ ನಿತ್ಯದ ರೀತಿಯಾದುವು. ನಗರದ ಸಾಲವು ಬೆಳೆಯಿತು, ಕರವೂ ಬೆಳೆಯಿತು. ಶೇರುಗಳ ಪ್ರಳಯದಲ್ಲಿ ಮನೆಮಾರು ಕಳೆದುಕೊಂಡ ಊರಿಗೆ ಈ ಕರದ ಭಾರವು ಬರೆಯ ಮೇಲೆ ಬರೆಯನ್ನೆಳೆದಂತಾಯಿತು.

1871ರಲ್ಲಿ ಈ ಅಸಮಾಧಾನವು ಬೆಂಕಿಯಾಗಿ ಎದ್ದಿತು. ಜಸ್ಟಿಸರ ಸಭೆಯಲ್ಲಿ ಫೋರ್ಬ್ಸ್ ಎಂಬ ಗೃಹಸ್ಥರು ಸುಧಾರಣೆಯ ಗೊತ್ತುವಳಿಯನ್ನು ತಂದರು. ಕಮಿಶನರನ ಏಕಾಧಿಪತ್ಯವನ್ನು ಮುರಿದು, ಆಡಳಿತದ ಅಧಿಕಾರವನ್ನು ಜಸ್ಟಿಸರಲ್ಲಿಯೇ ಕೆಲವರ ಒಂದು ಮಂಡಲಕ್ಕೆ ಒಪ್ಪಿಸಬೇಕೆಂಬುದು ಸುಧಾರಕರ ಮತ. ಊರಿನ ಕರದಾರರು ಅವರ ಬೆನ್ನಿಗೆ ನಿಂತರು. ನವರೋಜಿ ಫರ್ದುನಜಿಯವರಂಥ ವಯೋವೃದ್ಧರು, ಜನರ ಪಕ್ಷವನ್ನು ಹಿಡಿದು ದಶಕಗಳ ಕಾಲ ಸೇವೆ ಮಾಡಿದವರು, ಆ ಪಕ್ಷದ ಮುಂದಾಳುಗಳಾಗಿದ್ದರು. ಅವರ ಕೋಪಕ್ಕೆ ಕಾರಣವಿದ್ದಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಲೆಕ್ಕವನ್ನು ಕೇಳುವ ಹಕ್ಕು ಕರವನ್ನು ಕೊಡುವವನಿಗೆ ಇರತಕ್ಕದ್ದೇ. ಲೆಕ್ಕವು ಕೆಟ್ಟಿದ್ದುದೂ ನಿಜವೇ.

ಇಂಥ ಸಮಯದಲ್ಲಿ ಒಬ್ಬ ತರುಣ ಬ್ಯಾರಿಸ್ಟರನಿಗೆ, ಅದರಲ್ಲಿಯೂ ಮೊಕದ್ದಮೆಗಳಿಲ್ಲದ ಬ್ಯಾರಿಸ್ಟರನಿಗೆ, ಸುಲಭವಾದ ಮಾರ್ಗವು ಒಂದೇ: ಜನರೊಡನೆ ಕೂಡಿ ಕೂಗುವುದು. ಆ ಕೂಗಿನಿಂದ ಕೀರ್ತಿಯೂ ಕಕ್ಷಿಗಾರರೂ ಒಟ್ಟಿಗೆ ಬರುತ್ತಿದ್ದರು. ಮೆಹತಾ ಅವರು ಆ ಮಾರ್ಗವನ್ನು ಹಿಡಿಯಲಿಲ್ಲ. 1871ರ ನವೆಂಬರ ತಿಂಗಳಿನಲ್ಲಿ ಧೋಬಿ ತಲಾವದ ಬಳಿಯ ಫ್ರಾಮಜಿ ಕಾವಸಜಿ ಸಂಸ್ಥೆಯ ಮಂದಿರದಲ್ಲಿ ಮುಂಬಯಿಯ ಮುನಿಸಿಪಲ್ ಸುಧಾರಣೆಯನ್ನು ಕುರಿತು ಅವರೊಂದು ಪ್ರಬಂಧವನ್ನು ಓದಿದರು. ಸಭೆಯು ಕ್ರಾಫರ್ಡರ ಮೇಲಿನ ಬೈಗುಳಿಗಾಗಿ ಕಾದಿತ್ತು. ಎದ್ದು ನಿಂತ ತರುಣನು ಕ್ರಾಫರ್ಡರ ಪಕ್ಷವನ್ನೇ ವಹಿಸಿದನು!

ಅವರ ವಾದದ ಸರಣಿಯನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಅವಶ್ಯ. ಯಾತಕ್ಕೆಂದರೆ ಮುಂದೆ ಹದಿನೇಳು ವರ್ಷಗಳ ಮೇಲೆ ಕಾಯಿದೆಯ ರೂಪವನ್ನು ತಾಳಿದ ಬೀಜವು ಅದರಲ್ಲಿಯೇ ಅಡಗಿತ್ತು. ಕಮಿಶನರನು ಅತಿವೆಚ್ಚಮಾಡಿದ್ದು ನಿಜ. ಆದರೆ ವರ್ಷವರ್ಷವೂ ಆಯವ್ಯಯದ ಅಂದಾಜು ಯಾರ ಮುಂದೆ ಬರುತ್ತಿತ್ತು? ಜಸ್ಟಿಸರ ಮುಂದೆ. ತಡೆಯುವ ಅಧಿಕಾರವು ಯಾರಿಗಿತ್ತು? ಜಸ್ಟಿಸರಿಗೇ. ಅಧಿಕಾರವಿದ್ದೂ ಅವರು ಯಾಕೆ ತಡೆಯಲಿಲ್ಲ? ಅವರು ಕೆಟ್ಟವರೆಂದಲ್ಲ, ಅವರು ಯಾರಿಗೂ ಉತ್ತರವನ್ನು ಹೇಳಬೇಕಾಗಿರಲಿಲ್ಲ. ಬೇನೆಯು ಇರುವುದು ಕಾವಲುಗಾರರಲ್ಲಿ. ಮದ್ದನ್ನು ಮಾತ್ರ ಕೆಲಸಗಾರನಿಗೆ ಕುಡಿಸುವುದು ವೈದ್ಯವಲ್ಲ. ಇನ್ನು ಹೊಣೆಯಿಲ್ಲದ ಜಸ್ಟಿಸರಲ್ಲಿಯೇ ಕೆಲವರನ್ನು ಆರಿಸಿ ಅವರ ಕೈಯಲ್ಲಿ ಆಡಳಿತವನ್ನು ಕೊಟ್ಟರೆ ಫಲವೇನು? 1865ರ ಹಿಂದಿನ ಮೂವರು ಕಮಿಶನರರ ಕಾಲವೇ ಮರಳಿ ಬಂದೀತು: ಎಲ್ಲರ ಕೆಲಸ, ಯಾರ ಹೊಣೆಯೂ ಅಲ್ಲ. ಆಡಳಿತವನ್ನು ನಡೆಸುವವನು ಒಬ್ಬನೇ ಇರಲಿ, ಅವನಿಗೆ ಪೂರ್ಣ ಅಧಿಕಾರವಿರಲಿ. ಆದರೆ ಅವನನ್ನು ಅಂಕೆಯಲ್ಲಿಡುವ ಸಭೆಯನ್ನು ಕರದಾರರು ಮತದಿಂದ ಆರಿಸಲಿ. ಆ ಸಭೆಯು ತನ್ನೊಳಗಿಂದ ಚಿಕ್ಕದೊಂದು ಮಂಡಲವನ್ನು ಆರಿಸಿ ಹಣದ ಮೇಲೆ ಕಣ್ಣಿಡಲಿ. ಲೆಕ್ಕದ ತಪಾಸಣೆಯು ಕಮಿಶನರನ ಕೈಯಿಂದ ಹೊರಗಿರಲಿ.

ಇಂದು ಓದುವವರಿಗೆ ಇದರಲ್ಲಿ ಕೋಪಕ್ಕೆ ಆಸ್ಪದವೇ ಕಾಣದು. ಅಂದಿನ ಶ್ರೋತೃಗಳಿಗೆ ಮಾತ್ರ ಕೇಳಿಸಿದ್ದು ಎರಡೇ ಸಂಗತಿಗಳು: ಕ್ರಾಫರ್ಡರ ಹೊಗಳಿಕೆ ಮತ್ತು ತಮ್ಮ ಹಿರಿಯರ ಮೇಲಿನ ಆಕ್ಷೇಪ. ಸಭೆಯಲ್ಲಿ ಸೀಟಿ, ಕೂಗು, ಧಿಕ್ಕಾರಗಳೆದ್ದುವು. ಪತ್ರಿಕೆಗಳಲ್ಲಿಯೂ ಟೀಕೆಯಾಯಿತು. ಸರಕಾರದ ಅಧಿಕಾರಿಯ ಪರವಾಗಿ ಹಿಂದೀ ತರುಣನು ಮಾತನಾಡಿದನೆಂದರೆ ಏನೋ ಸ್ವಾರ್ಥವಿರಬೇಕೆಂದು ಶಂಕಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಆದರೆ ಅದೇ ಪ್ರಬಂಧದಲ್ಲಿ ಆ ತರುಣನು ಸರಕಾರದಿಂದ ಬೇಡಿದ್ದು ಚುನಾವಣೆಯ ಹಕ್ಕನ್ನು; ಸುಧಾರಕರು ಬೇಡಿದ್ದಕ್ಕಿಂತ ಅದು ಎಷ್ಟೋ ದೊಡ್ಡದು. ಗದ್ದಲದಲ್ಲಿ ಅದು ಅನೇಕರ ಕಿವಿಗೆ ಬೀಳಲಿಲ್ಲ.

ಕ್ರಾಫರ್ಡರು ಅದೇ ವರ್ಷ ಮುನಿಸಿಪಾಲಿಟಿಯನ್ನು ಬಿಟ್ಟರು. 1872ರಲ್ಲಿ ಹೊಸ ಕಾಯಿದೆಯು ಬಂದಿತು. ಅದರ ಮೇರೆಗೆ ಕಾರ್ಪೊರೇಶನ್ನಿನಲ್ಲಿ 64 ಸದಸ್ಯರು. ಅವರಲ್ಲಿ ಅರ್ಧದಷ್ಟು, ಎಂದರೆ 32 ಜನರು, ಕರದಾರರಿಂದ ಆರಿಸಲ್ಪಡತಕ್ಕವರು. 16 ಜನರನ್ನು ಜಸ್ಟಿಸರು ಆರಿಸುವರು. ಉಳಿದ 16 ಜನರನ್ನು ಸರಕಾರವು ನೇಮಿಸುವುದು. ಹನ್ನೆರಡು ಜನರ ಒಂದು ಟೌನ್ ಕೌನ್ಸಿಲು ಹಣದ ವ್ಯವಹಾರವನ್ನು ನೋಡತಕ್ಕದ್ದು. ಕಮಿಶನರನು ಒಬ್ಬನೇ ಉಳಿದನು. ಧಿಕ್ಕರಿಸಲ್ಪಟ್ಟ ಪ್ರಬಂಧದ ಚೌಕಟ್ಟೇ ಒಂದು ವರ್ಷದೊಳಗಾಗಿ ಕಾಯಿದೆಯಲ್ಲಿ ಕಾಣಿಸಿಕೊಂಡಿತು. ಅದು ಆ ಪ್ರಬಂಧದ ಪ್ರಭಾವವೇ ಎಂದು ಸಾಧಿಸುವ ಗೊಡವೆ ಇಲ್ಲಿ ಬೇಡ. ಯೋಚಿಸಿದವರೆಲ್ಲರೂ ಅಲ್ಲಿಗೇ ಬಂದು ಮುಟ್ಟುವಂಥ ಮಾತದು.

ಈ ಚುನಾವಣೆಯನ್ನು ಹೊಗಳುವಾಗ ಒಂದು ಸಂಗತಿಯನ್ನು ಮರೆಯಲಾಗದು. ಮತವನ್ನು ಕೊಡುವ ಹಕ್ಕು ವರ್ಷಕ್ಕೆ ಐವತ್ತು ರೂಪಾಯಿಗಳ ಕರವನ್ನು ಕೊಡುವವರಿಗೆ ಮಾತ್ರವಿತ್ತು. ಆರೂವರೆ ಲಕ್ಷ ಜನರ ಊರಿನಲ್ಲಿ ಅಂಥವರು ಎಷ್ಟು ಮಂದಿ ಇದ್ದಾರು! ಗಿರಣಿಯಲ್ಲಿ ದುಡಿಯುವವನಿಗೆ, ಬಂದರದಲ್ಲಿ ಹೊರೆ ಹೊರುವವನಿಗೆ, ಆ ಊರಿನ ಹೊಲಸನ್ನು ತಲೆಯ ಮೇಲೆ ಹೊತ್ತು ಊರನ್ನು ಬದುಕಿಸುತ್ತಿದ್ದ ಹಲಾಲಖೋರನಿಗೆ ಅಲ್ಲಿ ದನಿಯೇ ಇರಲಿಲ್ಲ. ಮೆಹತಾ ಅವರ ಕರದಾರನೆಂದರೆ ಮನೆಯ ಒಡೆಯನು, ಅಂಗಡಿಯ ಯಜಮಾನನು, ವಿದ್ಯಾವಂತನು. ಅದಕ್ಕೂ ಆಚೆಗೆ ಅವರ ದೃಷ್ಟಿಯು ಆ ದಿನಗಳಲ್ಲಿ ಹೋಗಲಿಲ್ಲ. ಆ ಕಾಲದ ಇಂಗ್ಲಂಡದ ಉದಾರಮತದವರ ದೃಷ್ಟಿಯೂ ಬಹಳ ದೂರ ಹೋಗಿರಲಿಲ್ಲವೆಂಬುದು ಸಮಾಧಾನವಾಗಬಹುದೇ ಹೊರತು ಉತ್ತರವಾಗದು. ಮುಂಬಯಿಯಲ್ಲಿ ವಯಸ್ಕರೆಲ್ಲರೂ ನಗರಸಭೆಗೆ ಮತಕೊಡುವ ಕಾಲವು ಬಂದದ್ದು 1948ರಲ್ಲಿ.

ಹೊಸ ಕಾರ್ಪೊರೇಶನ್ನು 1873ರಲ್ಲಿ ಕೂಡಿತು. ಅದರ ಆರಂಭಕಾಲದಿಂದಲೇ ಮೆಹತಾ ಅವರು ಅದರ ಸದಸ್ಯರಾದರು. ತರುವಾಯದ ಕೆಲವು ವರ್ಷಗಳ ಕಥೆಯು ಸಾವಕಾಶವಾಗಿ ಹರಿಯುವ ಹೊಳೆಯಂತೆ. ಹೇಳತಕ್ಕ ವಿಶೇಷವು ಬಹಳವಿಲ್ಲ. ಕಾಠೇವಾಡದ ಸಂಸ್ಥಾನಗಳಿಂದಲೂ ಗುಜರಾಥದ ಜಿಲ್ಲಾ ಕೋರ್ಟುಗಳಿಂದಲೂ ಅವರಿಗೆ ಮೊಕದ್ದಮೆಗಳು ಬರತೊಡಗಿದುವು. 1878ರಲ್ಲಿ ಲೈಸೆನ್ಸ ಕರದ ನಿಮಿತ್ತವಾಗಿ ಸೂರತಿನಲ್ಲಿ ದಂಗೆಯಾದಾಗ ಆರೋಪಿಗಳ ಪರವಾಗಿ ವಾದಿಸಿದುದರಿಂದ ಅವರ ಹೆಸರು ಪ್ರಾಂತದಲ್ಲೆಲ್ಲ ಹಬ್ಬಿತು. ಆದರೂ ನಗರಸಭೆಯ ಕಡತಗಳನ್ನು ಓದುವ ಅಭ್ಯಾಸವನ್ನು ಅವರು ಬಿಡಲಿಲ್ಲ. ವಾಕ್ಚಾತುರ್ಯವುಳ್ಳವರು ಸಭೆಗಳಲ್ಲಿ ಅನೇಕರಿರುತ್ತಾರೆ. ಕಡತವನ್ನು ಕೊನೆಯ ಪುಟದ ವರೆಗೆ ಓದಿ ಬಂದವನು ಒಬ್ಬನಿದ್ದರೆ ಅವನ ಮಾತೇ ನಡೆಯುತ್ತದೆ. ಆಂಗ್ಲ ಅಧಿಕಾರಿಗಳೂ ಯುರೋಪಿಯನ್ ವ್ಯಾಪಾರಸ್ಥರೂ ಕುಳಿತ ಆ ಸಭೆಯಲ್ಲಿ ಮೆಹತಾ ಅವರ ಬಲವು ಕಂಠದಲ್ಲಿ ಎಷ್ಟಿತ್ತೋ ಈ ಓದಿನಲ್ಲಿಯೂ ಅಷ್ಟಿತ್ತು. ಅವರ ಗಂಭೀರವಾದ ನಿಲುವು, ಬಿಗಿಯಾದ ಉಡುಪು, ಎದುರಾಳಿಯನ್ನು ನಗೆಯಿಂದಲೇ ಕೆಡಹುವ ರೀತಿ ಇವುಗಳನ್ನು ಕಂಡವರು ವರ್ಣಿಸಿದ್ದಾರೆ. ಅವರಲ್ಲಿ ಒಂದು ಬಗೆಯ ದರ್ಪವೂ ಇದ್ದಿತು. ಮುಂದಿನ ಕಾಲದಲ್ಲಿ ಅದು ಅವರ ಸ್ನೇಹಿತರನ್ನೂ ನೋಯಿಸಿತು.

1882ರ ಮೇ ತಿಂಗಳಿನಲ್ಲಿ ಗವರ್ನರ ಜನರಲ್ ಲಾರ್ಡ ರಿಪನ್ನರು ಸ್ಥಾನಿಕ ಸ್ವರಾಜ್ಯವನ್ನು ಕುರಿತ ತಮ್ಮ ಪ್ರಸಿದ್ಧವಾದ ಠರಾವನ್ನು ಹೊರಡಿಸಿದರು. ಊರಾಡಳಿತವು ಚೆನ್ನಾಗಿ ನಡೆಯಲಿ ಎಂಬುದಕ್ಕಿಂತಲೂ ಜನರಿಗೆ ರಾಜಕೀಯ ಶಿಕ್ಷಣವು ದೊರೆಯಲಿ ಎಂಬುದೇ ಅದರ ಮುಖ್ಯೋದ್ದೇಶವೆಂದು ಅವರು ಸ್ಪಷ್ಟವಾಗಿ ಹೇಳಿದರು. ಕರ್ನಾಟಕದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದುವಷ್ಟೆ. ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ಸ್ಥಾಪಿತವಾದ ಪುರಸಭೆಗಳಲ್ಲಿ ಆ ಮೊದಲು ಕಲೆಕ್ಟರ ಸಾಹೇಬರ ಇಚ್ಛೆಯೇ ಶಾಸನವಾಗಿತ್ತು. ಜಿಲ್ಲೆಗಳ ಪುರಸಭೆಗಳಿಗಾಗಿ 1884ರಲ್ಲಿ ಆದ ಕಾಯಿದೆಯಿಂದ ಅಲ್ಲಿಯೂ ಚುನಾವಣೆಯ ತತ್ತ್ವವು ಕಾಲಿಟ್ಟಿತು. ಮುಂಬಯಿಯ ಹನ್ನೊಂದು ವರ್ಷಗಳ ಅನುಭವವು ಆಗ ಎಲ್ಲರ ಕಣ್ಣಮುಂದೆ ಇದ್ದಿತು: ಜನರು ಆರಿಸಿದ ಸಭೆಯು ಊರನ್ನು ಹಾಳುಮಾಡಿದ್ದಿಲ್ಲ.

ಅದೇ 1884ರಲ್ಲಿ ಮೆಹತಾ ಅವರು ಕಾರ್ಪೊರೇಶನ್ನಿನ ಅಧ್ಯಕ್ಷರಾಗಿ ಆರಿಸಲ್ಪಟ್ಟರು; ಮರುವರ್ಷವೂ ಅದೇ ಪದವಿಯು ಅವರಿಗೇ ದೊರೆಯಿತು. ಹದಿಮೂರು ವರ್ಷಗಳ ಹಿಂದೆ ಸೀಟಿ ಹಾಕಿದ ಊರೇ ಈಗ ಅಗ್ರಾಸನವನ್ನಿತ್ತಿತು. ನಗರಸಭೆಯ ಹೊಸ ಮಂದಿರದ ಅಡಿಗಲ್ಲನ್ನು ಆ ವರ್ಷವೇ, ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಲಾರ್ಡ ರಿಪನ್ನರು ಇಟ್ಟರು. ಮಂದಿರವು ಮುಗಿದದ್ದು 1893ರಲ್ಲಿ. ಈ ಅವಧಿಯಲ್ಲಿ ನಗರಕ್ಕೆ ಅತ್ಯಂತ ಅಗತ್ಯವಾಗಿದ್ದುದು ನೀರು. 1860ರಲ್ಲಿ ಮುಗಿದ ವಿಹಾರದ ಕೆರೆ, 1879ರಲ್ಲಿ ಮುಗಿದ ತುಳಸಿಯ ಕೆರೆ ಇವೆರಡೂ ಸಾಲದಾಗಿದ್ದುವು. ತಾನಸಾ ನದಿಗೆ ಒಡ್ಡನ್ನು ಕಟ್ಟಿ ಹತ್ತಾರು ಮೈಲುಗಳ ದೂರದಿಂದ ನೀರನ್ನು ತರುವ ಕೆಲಸವು ಕೈಗೊಳ್ಳಲ್ಪಟ್ಟು 1892ರಲ್ಲಿ ಪೂರ್ತಿಯಾಯಿತು. ಇಷ್ಟು ದೊಡ್ಡ ಸಾಲವನ್ನು ತೆಗೆದು, ಇಷ್ಟು ದೊಡ್ಡ ಕೆಲಸವನ್ನು ಮಾಡಿಸಿ, ಕ್ರಾಫರ್ಡರ ಕಾಲದ ಗೊಂದಲವಾಗದಂತೆ ನಿಭಾಯಿಸಿದುದು ಆರಿಸಲ್ಪಟ್ಟ ಸಭೆಗೆ ಭೂಷಣವೆನ್ನಬೇಕು. ಇನ್ನೊಂದು ಕಡೆಗೆ ಪೋಲೀಸರ ವೆಚ್ಚದಲ್ಲಿ ನಗರದ ಪಾಲೆಷ್ಟೆಂಬ ವ್ಯಾಜ್ಯವು ಸರಕಾರದೊಡನೆ ವರ್ಷಾನುಗಟ್ಟಲೆ ನಡೆಯಿತು. ಪೋಲೀಸರ ಮೇಲೆ ಅಧಿಕಾರವು ಸರಕಾರದ್ದು, ಹಣವು ಮಾತ್ರ ಕರದಾರರದು ಎಂಬ ಏರ್ಪಾಡನ್ನು ಮೆಹತಾ ಅವರು ಒಪ್ಪಲಿಲ್ಲ. ಆ ವ್ಯಾಜ್ಯವು ಬಗೆಹರಿದದ್ದು 1907ರಲ್ಲಿ: ಪೋಲೀಸರ ವೆಚ್ಚವನ್ನು ಸರಕಾರವು ಹೊತ್ತಿತು, ಪ್ರಾಥಮಿಕ ಶಿಕ್ಷಣದ ಭಾರವನ್ನು ನಗರವು ಹೊತ್ತಿತು.

1885ರ ಜನವರಿಯಲ್ಲಿ ಮೆಹತಾ, ಕಾಶೀನಾಥ ತ್ರ್ಯಂಬಕ ತೇಲಂಗ, ಬದ್ರುದ್ದೀನ ತ್ಯಾಬಜಿ ಈ ಮೂವರು ಕೂಡಿ ಮುಂಬಯಿ ಪ್ರೆಸಿಡೆನ್ಸಿ ಅಸೋಸಿಯೇಶನ್ನನ್ನು ಸ್ಥಾಪಿಸಿದರು. ಒಬ್ಬ ಪಾರಸಿ, ಒಬ್ಬ ಹಿಂದು, ಒಬ್ಬ ಮುಸಲ್ಮಾನ. ಮೂವರೂ ನ್ಯಾಯಶಾಸ್ತ್ರವನ್ನು ಬಲ್ಲವರು, ಮೂವರೂ ಒಬ್ಬರನ್ನೊಬ್ಬರು ಗೌರವಿಸುವವರು. ಆ ವರ್ಷದ ಕೊನೆಗೆ ಅದೇ ಊರಿನಲ್ಲಿ ರಾಷ್ಟ್ರೀಯ ಸಭೆಯ ಮೊದಲನೆಯ ಅಧಿವೇಶನವೂ ಆಯಿತು. ಆ ಕಥೆಯು ಲೋಕವಿದಿತ.

ನಗರಸಭೆಯ ಮಟ್ಟಿಗೆ ನಿಜವಾದ ಪರೀಕ್ಷೆಯು ಬಂದದ್ದು 1887ರಲ್ಲಿ. ಹಳೆಯ ಕಾಯಿದೆಗಳನ್ನೆಲ್ಲ ಒಟ್ಟುಗೂಡಿಸಿ ಸರಕಾರದವರು ಹೊಸದೊಂದು ಮಸೂದೆಯನ್ನು ಸಿದ್ಧಪಡಿಸಿದರು. ಅದರ ಒಳಗುಟ್ಟು ಇಷ್ಟೇ: ಕಮಿಶನರನ ಅಧಿಕಾರವು ಹೆಚ್ಚಬೇಕು, ಕಾರ್ಪೊರೇಶನ್ನು ಆಲೋಚನೆ ಹೇಳುವ ಸಭೆಯಾಗಿ ಕೆಳಗಿಳಿಯಬೇಕು. ಗವರ್ನರ ಲಾರ್ಡ ರೇ ಅವರು ಮೆಹತಾ ಅವರನ್ನು ಅದೇ ಸುಮಾರಿಗೆ ಕಾಯಿದೆ ಮಾಡುವ ಕೌನ್ಸಿಲಿಗೆ ನೇಮಿಸಿದ್ದರು. ತೇಲಂಗರು ಅದರ ಮೊದಲೇ ಅಲ್ಲಿದ್ದರು. ಇವರಿಬ್ಬರೂ ಮಸೂದೆಯ ಕಲಮು ಕಲಮನ್ನು ಹಿಡಿದು ಪರಿಶೀಲಿಸಿದರು. ಇಲ್ಲಿ ಒಂದು ಚೋದ್ಯವನ್ನು ಗಮನಿಸತಕ್ಕದ್ದು. 1871ರಲ್ಲಿ ಕಮಿಶನರನಿಗೆ ಪೂರ್ಣ ಅಧಿಕಾರವಿರಲೆಂದು ಹೇಳಿ ಜನರ ಕೋಪಕ್ಕೆ ಗುರಿಯಾದವರೇ ಈಗ ಕಮಿಶನರನ ಅಧಿಕಾರವನ್ನು ತಡೆಯಲು ಸರಕಾರವನ್ನು ಎದುರಿಸಿದರು. ಮತವನ್ನು ಬದಲಿಸಿದರೆಂದು ಹೇಳಿದವರು ಮೊದಲಿನ ಪ್ರಬಂಧವನ್ನು ಅರ್ಧ ಓದಿದವರು. ಕೆಲಸವನ್ನು ಮಾಡುವ ಅಧಿಕಾರವು ಒಬ್ಬನದು, ಕೆಲಸವನ್ನು ನಿಶ್ಚಯಿಸುವ ಅಧಿಕಾರವು ಸಭೆಯದು ಎಂಬ ಮಾತು ಎರಡೂ ಸಲ ಒಂದೇ ಆಗಿತ್ತು. ಕೂಗುವವರು ಮಾತ್ರ ಬೇರೆಯಾಗಿದ್ದರು.

1888ರ ಮೂರನೆಯ ಕಾಯಿದೆಯು ಹೊರಬಿದ್ದಾಗ ಅದರ ರೂಪವು ಮೂಲ ಮಸೂದೆಗಿಂತ ಬಹಳ ಭಿನ್ನವಾಗಿತ್ತು. ನಗರದ ಆಡಳಿತವು ಕಾರ್ಪೊರೇಶನ್ನಿನಲ್ಲಿ ನೆಲಸಿದೆಯೆಂದೂ, ಅದನ್ನು ಕಾರ್ಯರೂಪಕ್ಕೆ ತರುವ ಅಧಿಕಾರವು ಕಮಿಶನರನಲ್ಲಿ ಇದೆಯೆಂದೂ ಅದರ 64ನೆಯ ಕಲಮು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಸದಸ್ಯರ ಸಂಖ್ಯೆಯು 72 ಆಯಿತು: 36 ಜನರು ಕರದಾರರಿಂದ, 16 ಜನರು ಜಸ್ಟಿಸರಿಂದ, ಇಬ್ಬರು ವಿಶ್ವವಿದ್ಯಾಲಯದ ಫೆಲೋಗಳಿಂದ, ಇಬ್ಬರು ವ್ಯಾಪಾರಿ ಮಂಡಲದಿಂದ ಆರಿಸಲ್ಪಡುವವರು, 16 ಜನರು ಸರಕಾರದಿಂದ ನೇಮಿಸಲ್ಪಡುವವರು. ಟೌನ್ ಕೌನ್ಸಿಲಿನ ಸ್ಥಾನದಲ್ಲಿ ಹನ್ನೆರಡು ಜನರ ಸ್ಥಾಯೀ ಸಮಿತಿಯು ಬಂದಿತು. ಅವರಲ್ಲಿ ಎಂಟು ಜನರನ್ನು ಕಾರ್ಪೊರೇಶನ್ನು, ನಾಲ್ವರನ್ನು ಸರಕಾರವು ಕೊಡತಕ್ಕದ್ದು. ಕಮಿಶನರನನ್ನು ನೇಮಿಸುವ ಹಕ್ಕು ಸರಕಾರದಲ್ಲಿಯೇ ಉಳಿಯಿತು. ಆದರೆ ಸದಸ್ಯರಲ್ಲಿ ಎಂಟರಲ್ಲಿ ಐದು ಪಾಲು ಮಂದಿ ಮತಕೊಟ್ಟರೆ ಅವನನ್ನು ಸರಕಾರವು ತೆಗೆಯಲೇಬೇಕೆಂಬ ನಿಯಮವೂ ಅದರ ಜೊತೆಗೆ ನಿಂತಿತು.

ಈ ಏರ್ಪಾಡಿನಲ್ಲಿ ಕುಂದಿಲ್ಲವೆಂದಲ್ಲ. ಆಡಳಿತವನ್ನು ನಡೆಸುವವನನ್ನು ಜನರು ಆರಿಸಲಿಲ್ಲ. ಆರಿಸಿದವರಿಗೆ ಆಡಳಿತವು ದೊರೆಯಲಿಲ್ಲ. ನವರೋಜಿ ಫರ್ದುನಜಿಯವರ ಪಕ್ಷವು 1871ರಲ್ಲಿ ಕೇಳಿದ ಪ್ರಶ್ನೆಯು ಇದರಿಂದ ಪೂರ್ತಿಯಾಗಿ ಅಳಿಯಲಿಲ್ಲ. ಆ ವೃದ್ಧರು 1885ರಲ್ಲಿಯೇ ತೀರಿಕೊಂಡಿದ್ದರು. ತಮ್ಮ ಎದುರಾಳಿಯ ಕಾಯಿದೆಯನ್ನು ಅವರು ಕಾಣಲಿಲ್ಲ. ಮುಂಬಯಿಯ ನಗರಸಭೆಯಲ್ಲಿ ಸದಸ್ಯರಿಗೂ ಕಮಿಶನರರಿಗೂ ತಲೆಮಾರುಗಳಿಂದ ನಡೆದುಬಂದ ಜಗ್ಗಾಟದ ಮೂಲವು ಇಲ್ಲಿದೆ. ಆದರೂ ಎಷ್ಟೋ ತಿದ್ದುಪಡಿಗಳನ್ನು ಹೊತ್ತು ಆ 1888ರ ಕಾಯಿದೆಯೇ ಇಂದಿನ ಬೃಹನ್ಮುಂಬಯಿಯ ಆಡಳಿತಕ್ಕೂ ಆಧಾರವಾಗಿದೆ. ದೇಶವು ಸ್ವತಂತ್ರವಾದರೂ, ಪ್ರಾಂತವು ಒಡೆದು ಕರ್ನಾಟಕದ ಜಿಲ್ಲೆಗಳು 1956ರಲ್ಲಿ ಬೇರೆಯಾದರೂ, ಆ ಕಟ್ಟಡವು ಅದೇ ಅಡಿಗಲ್ಲಿನ ಮೇಲೆ ನಿಂತಿದೆ.

ತೇಲಂಗರು 1893ರಲ್ಲಿ ಅಲ್ಪ ವಯಸ್ಸಿನಲ್ಲಿಯೇ ತೀರಿಕೊಂಡರು. ಮೆಹತಾ ಅವರು 1915ರ ನವೆಂಬರದ ವರೆಗೆ ಬದುಕಿ ನಗರಸಭೆಯಲ್ಲಿ ಬಹುಕಾಲ ಪ್ರಭುತ್ವ ನಡೆಸಿದರು. 1923ರಲ್ಲಿ ನಗರಸಭೆಯ ಮಂದಿರದ ಮುಂದೆ ಅವರ ಮೂರ್ತಿಯು ಸ್ಥಾಪಿತವಾಯಿತು. ಇನ್ನು ಕ್ರಾಫರ್ಡ ಸಾಹೇಬರ ಕಥೆ. ಮುನಿಸಿಪಲ್ ಕಾಯಿದೆಯು ಹೊರಬಿದ್ದ 1888ರಲ್ಲಿಯೇ, ಪುಣೆಯಲ್ಲಿ ವಿಭಾಗದ ಕಮಿಶನರರಾಗಿದ್ದ ಅವರ ಮೇಲೆ, ಮಾಮಲೇದಾರರಿಂದ ಲಂಚವನ್ನು ತೆಗೆದುಕೊಂಡರೆಂಬ ಆರೋಪವು ಬಂದಿತು. ವಿಚಾರಣೆಯ ಮಂಡಲವು ಲಂಚದ ಆರೋಪವು ಸಿದ್ಧವಾಗಲಿಲ್ಲವೆಂದಿತು. ಆದರೆ ಕೈಕೆಳಗಿನವರಿಂದಲೂ ಸಾಲವನ್ನು ಎತ್ತಿದ್ದುದು ಸಿದ್ಧವಾಗಿ ಅವರು ನೌಕರಿಯನ್ನು ಕಳೆದುಕೊಂಡರು. ಮುಂಬಯಿಯ ಖಜಾನೆಯಲ್ಲಿ ನಿಲ್ಲದ ಹಣವು ಅವರ ಸ್ವಂತ ಚೀಲದಲ್ಲಿಯೂ ನಿಂತಿರಲಿಲ್ಲ. ಅವರು ಕಟ್ಟಿಸಿದ ಮಾರುಕಟ್ಟೆಯು ಮಾತ್ರ ಇಂದಿಗೂ ಇದೆ. ಅದಕ್ಕೆ ಈಗ ಇಟ್ಟಿರುವ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆಯವರದು. ಅವರೂ 1876ರಿಂದ ಕೆಲವು ವರ್ಷ ಪುಣೆಯ ನಗರಸಭೆಯ ಸದಸ್ಯರಾಗಿದ್ದವರು.